ಸೂಜಿಯ ಖರ್ಚು ಯಾವ ಖಾತೆಗೆ?

(ಬೊರಿವಲಿಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಉಪನ್ಯಾಸದ ಪಾಠ)



ಈ ಕೂಟಕ್ಕೆ ನನ್ನನ್ನು ಕರೆಯುವುದು ಸಾಮಾನ್ಯವಾಗಿ ಆದಾಯ ತೆರಿಗೆಯ ಬಗ್ಗೆಯೋ ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳ ಬಗ್ಗೆಯೋ ಮಾತನಾಡುವುದಕ್ಕೆ. ಈ ಸಲ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಸಂತಾನಕ್ಕಾಗಿ ಐವಿಎಫ್ ಚಿಕಿತ್ಸೆ ಪಡೆಯುವ ದಂಪತಿಗಳು ಅದರ ಜೊತೆಗೆ ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆ, ಮಾಡಿಸಿಕೊಂಡರೆ ಪ್ರಯೋಜನವಿದೆಯೇ ಎಂಬುದು ಆ ವಿಷಯ. ನಾನು ವೈದ್ಯನಲ್ಲ, ಲೆಕ್ಕಪರಿಶೋಧಕ. ಆದರೆ ಎಂಟು ವರ್ಷಗಳ ಹಿಂದೆ ಈ ವಿಷಯದಲ್ಲಿ ನಾನೊಂದು ಪ್ರಮಾಣಪತ್ರ ಕೊಟ್ಟಿದ್ದೆ. ಕೊಟ್ಟದ್ದು ಬಾಯಿಮಾತಿನಲ್ಲಿ. ಅದನ್ನು ಇಂದು ನಿಮ್ಮೆದುರು ತಿದ್ದಬೇಕಾಗಿದೆ.

ನನ್ನ ತಂದೆಯವರು ಮೂಡುಬಿದಿರೆಯ ಕಡೆಯಿಂದ ಮುಂಬಯಿಗೆ ಬಂದವರು. ನಾನು ಬೆಳೆದದ್ದು ಇದೇ ಬೊರಿವಲಿಯಲ್ಲಿ. ಮದುವೆಯಾಗಿ ಐದು ವರ್ಷ ಕಳೆದರೂ ನಮಗೆ ಮಕ್ಕಳಾಗಲಿಲ್ಲ. ಐವಿಎಫ್ ಮಾಡಿಸಿದೆವು. ಮೊದಲ ಸುತ್ತು ಫಲಿಸಲಿಲ್ಲ. ಎರಡನೆಯ ಸುತ್ತಿನ ಮೊದಲು ಅತ್ತೆಯವರ ಪರಿಚಯದವರೊಬ್ಬರು ಸೂಜಿ ಚಿಕಿತ್ಸೆಯ ವಿಚಾರ ತಿಳಿಸಿದರು. ನನ್ನ ಪತ್ನಿ ವಾರಕ್ಕೆರಡು ಬಾರಿ ಹೋಗತೊಡಗಿದರು. ಎರಡನೆಯ ಸುತ್ತು ಫಲಿಸಿತು. ಮಗಳಿಗೆ ಈಗ ಒಂಬತ್ತು ವರ್ಷ.

ಆ ಸಂತೋಷದಲ್ಲಿ, ಕೇಳಿದವರಿಗೂ ಕೇಳದವರಿಗೂ ‘ಸೂಜಿಯಿಂದಲೇ ಆಯಿತು’ ಎಂದು ಹೇಳುತ್ತ ಬಂದೆ. ನನ್ನ ಮಾತನ್ನು ನಂಬಿದವರಲ್ಲಿ ನಮ್ಮ ಬಂಧುಗಳಾದ ದಂಪತಿಯೊಬ್ಬರಿದ್ದರು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಊರು, ಹೆಸರು ಬೇಡ. ‘ಸಿಎ ಹೇಳುತ್ತಾನೆ, ಲೆಕ್ಕ ನೋಡದೆ ಹೇಳುವವನಲ್ಲ’ ಎಂದು ಅವರು ಭಾವಿಸಿದರು. ಐವಿಎಫ್ ದುಬಾರಿ, ಮೊದಲು ಸೂಜಿಯನ್ನಷ್ಟೇ ಮಾಡಿಸಿ ನೋಡೋಣ ಎಂದುಕೊಂಡು ಹದಿನಾಲ್ಕು ತಿಂಗಳು ಕಳೆದರು. ಆರಂಭಿಸಿದಾಗ ಆಕೆಗೆ ಮೂವತ್ತೇಳು ವರ್ಷ. ಕೊನೆಗೆ ಐವಿಎಫ್ ತಜ್ಞರ ಬಳಿಗೆ ಹೋದಾಗ ಅಂಡಾಣುಗಳ ಸಂಗ್ರಹ ಬಹಳ ಕಡಿಮೆಯಾಗಿದೆ ಎಂಬ ಉತ್ತರ ಬಂತು. ಮುಂದಿನ ಪ್ರಯತ್ನಗಳು ಫಲಿಸಲಿಲ್ಲ. ಆ ಹದಿನಾಲ್ಕು ತಿಂಗಳೇ ಕಾರಣವೆಂದು ನಾನು ಹೇಳಲಾರೆ. ಕಾರಣವಲ್ಲವೆಂದೂ ಹೇಳಲಾರೆ. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಭಾರವಾಯಿತು.

ಆಮೇಲೆ ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಪುರಾವೆಗಳನ್ನು ತೆಗೆದು ಓದಿದೆ. ಅದರ ಸಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಈ ಎರಡು ಚಿಕಿತ್ಸೆಗಳು ನಮ್ಮ ದೇಶಕ್ಕೆ ಬಂದ ಬಗೆಯನ್ನು ನೋಡೋಣ. ಎರಡರ ಕಥೆಯೂ ನಮ್ಮ ಮುಂಬಯಿಯ ಪರೇಲಿನ ಮೂಲಕ ಹಾದುಹೋಗುತ್ತದೆ. ಸೋಲಾಪುರದಲ್ಲಿ ಹುಟ್ಟಿ, ಪರೇಲಿನ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ದ್ವಾರಕಾನಾಥ ಕೋಟ್ನಿಸ್ ಅವರು 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು ಅವರು ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆಯನ್ನು ಕಲಿತು, 1959ರಲ್ಲಿ ಕೋಲ್ಕತಾದಲ್ಲಿ ಅದನ್ನು ಆರಂಭಿಸಿದರು. ಇನ್ನು, ಜಿ. ಎಸ್. ಕಾಲೇಜಿಗೆ ಸೇರಿದ ಕೆಇಎಂ ಆಸ್ಪತ್ರೆಯಲ್ಲಿಯೇ 1986ರ ಆಗಸ್ಟ್ 6ರಂದು ಐವಿಎಫ್ ವಿಧಾನದ ಮಗು ಜನಿಸಿತು. ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್ ಅವರ ಸಾಧನೆ ಅದು. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೇ ಕೊಂಡಾಡಿತು.

ಇಲ್ಲೊಂದು ಸಂಗತಿಯನ್ನು ಹೇಳಲೇಬೇಕು. ಕೋಲ್ಕತಾದ ಡಾ. ಸುಭಾಷ್ ಮುಖೋಪಾಧ್ಯಾಯರು 1978ರ ಅಕ್ಟೋಬರಿನಲ್ಲಿಯೇ ಇಂಥದೊಂದು ಜನನವನ್ನು ಸಾಧಿಸಿದ್ದರು. ಅಂದಿನ ಅಧಿಕಾರಸ್ಥರು ನಂಬಲಿಲ್ಲ, ಅವಮಾನಿಸಿದರು. ಅವರು 1981ರಲ್ಲಿ ಪ್ರಾಣ ಕಳೆದುಕೊಂಡರು. ಮುಂದೆ ಅವರ ಟಿಪ್ಪಣಿಗಳನ್ನು ಪರಿಶೀಲಿಸಿದ ಆನಂದ ಕುಮಾರ್ ಅವರು 1997ರಲ್ಲಿ, ‘ಮೊದಲಿಗರು ಮುಖೋಪಾಧ್ಯಾಯರು’ ಎಂದು ತಾವೇ ಬರೆದು ಪ್ರಕಟಿಸಿದರು. ತಮ್ಮ ಹೆಸರಿಗೆ ಅಂಟಿಕೊಂಡಿದ್ದ ‘ಮೊದಲು’ ಎಂಬ ಪದವನ್ನು ದಾಖಲೆ ನೋಡಿ ತಾವೇ ಬಿಟ್ಟುಕೊಟ್ಟರು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಆದರ್ಶವಿಲ್ಲ. ನಾನು ಬಿಟ್ಟುಕೊಡಬೇಕಾದದ್ದು ಅದರ ಮುಂದೆ ಬಹಳ ಸಣ್ಣದು.

ಈಗ ಪುರಾವೆಗೆ ಬರೋಣ.

ಐವಿಎಫ್‌ನೊಂದಿಗೆ ಸೂಜಿ ಚಿಕಿತ್ಸೆಯ ಮಾತು ಜಗತ್ತಿನಲ್ಲೆಲ್ಲ ಹಬ್ಬಿದ್ದು 2002ರ ಒಂದು ಜರ್ಮನ್ ಅಧ್ಯಯನದಿಂದ. 160 ಮಹಿಳೆಯರು, ಅರ್ಧ ಜನರಿಗೆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಮತ್ತು ಆನಂತರ 25 ನಿಮಿಷಗಳಂತೆ ಸೂಜಿ, ಉಳಿದರ್ಧ ಜನರಿಗೆ ಇಲ್ಲ. ಸೂಜಿ ಪಡೆದವರಲ್ಲಿ ನೂರಕ್ಕೆ 42.5 ಮಂದಿ ಗರ್ಭ ಧರಿಸಿದರು; ಪಡೆಯದವರಲ್ಲಿ 26.3. ವ್ಯತ್ಯಾಸ ದೊಡ್ಡದು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಏಳು ಅಧ್ಯಯನಗಳ, 1366 ಮಹಿಳೆಯರ ಲೆಕ್ಕವನ್ನು ಕೂಡಿಸಿ ನೋಡಿದವರಿಗೂ ಸೂಜಿಯ ಪರವಾದ ಫಲಿತಾಂಶವೇ ಕಂಡಿತು. ಇಂದಿಗೂ ಮಾರಾಟದ ಕರಪತ್ರಗಳಲ್ಲಿ ಬರುವುದು ಇಂಥ ಅಂಕಿಗಳೇ. ಅವು ಸುಳ್ಳಲ್ಲ. ಆದರೆ ವರ್ಷದ ಮೊದಲ ತ್ರೈಮಾಸಿಕದ ಲೆಕ್ಕವನ್ನು ಇಡೀ ವರ್ಷದ ಲೆಕ್ಕವೆಂದು ತೋರಿಸಿದರೆ ನಾವು ಒಪ್ಪುತ್ತೇವೆಯೇ?

ಆ ಜರ್ಮನ್ ಅಧ್ಯಯನದಲ್ಲಿ ಸೂಜಿ ಹಾಕಿಸಿಕೊಂಡವರಿಗೆ ತಮಗೆ ಹೆಚ್ಚಿನ ಆರೈಕೆ ಸಿಕ್ಕಿದೆ ಎಂಬುದು ಗೊತ್ತಿತ್ತು. ಹಾಕಿಸಿಕೊಳ್ಳದವರಿಗೆ ಸಿಕ್ಕಿಲ್ಲವೆಂಬುದೂ ಗೊತ್ತಿತ್ತು. ಹಾಗಾಗಿ ಮುಂದಿನ ಸಂಶೋಧಕರು ಸೋಗಿನ ಸೂಜಿಯನ್ನು ಬಳಸಿದರು. ಮೈಗೆ ತಾಗಿದಾಗ ಚುಚ್ಚಿದಂತೆ ಅನ್ನಿಸುತ್ತದೆ, ಆದರೆ ಅದು ಚರ್ಮದೊಳಗೆ ಹೋಗುವುದಿಲ್ಲ. ತನಗೆ ಸಿಕ್ಕಿದ್ದು ಅಸಲಿಯೋ ಸೋಗೋ ಎಂಬುದು ಮಹಿಳೆಗೆ ತಿಳಿಯದು. 2009ರಲ್ಲಿ ಹಾಂಗ್‌ಕಾಂಗಿನಲ್ಲಿ 370 ಮಹಿಳೆಯರೊಂದಿಗೆ ಹೀಗೆ ಪರೀಕ್ಷಿಸಿದಾಗ ಗರ್ಭಧಾರಣೆಯ ಪ್ರಮಾಣ ಅಸಲಿ ಸೂಜಿಯವರಲ್ಲಿ ನೂರಕ್ಕೆ 43.8, ಸೋಗಿನ ಸೂಜಿಯವರಲ್ಲಿ 55.1! ಸೋಗಿನದೇ ಮುಂದೆ. 2013ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 20 ಅಧ್ಯಯನಗಳನ್ನು, ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಮಗು ಹುಟ್ಟುವ ಪ್ರಮಾಣವನ್ನು ಸೂಜಿ ಹೆಚ್ಚಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಹೇಳಿತು.

ನನ್ನ ಮಟ್ಟಿಗೆ ಕೊನೆಯ ಮುದ್ರೆ ಒತ್ತಿದ್ದು 2018ರ ಅಧ್ಯಯನ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 16 ಐವಿಎಫ್ ಕೇಂದ್ರಗಳು, 848 ಮಹಿಳೆಯರು, ಅಸಲಿ ಸೂಜಿ ಮತ್ತು ಸೋಗಿನ ಸೂಜಿ. ಗರ್ಭ ನಿಂತಿತೇ ಎಂದು ಕೇಳಿ ಸುಮ್ಮನಾಗದೆ, ಮಗು ಹುಟ್ಟಿತೇ ಎಂದು ಕೊನೆಯವರೆಗೂ ಲೆಕ್ಕ ಇಟ್ಟರು. ಅಸಲಿ ಸೂಜಿಯವರಲ್ಲಿ ನೂರಕ್ಕೆ 18.3 ಮಂದಿಗೆ ಮಗುವಾಯಿತು. ಸೋಗಿನ ಸೂಜಿಯವರಲ್ಲಿ 17.8. ಈ ಅರ್ಧ ಶೇಕಡಾ ಅಂತರವನ್ನು ಆಕಸ್ಮಿಕವೆನ್ನದೆ ಬೇರೇನೂ ಎನ್ನಲಾಗದು.

ಪಿಸಿಓಎಸ್ ಇರುವ ನಮ್ಮ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಅಧ್ಯಯನವನ್ನು ಹೇಳುತ್ತೇನೆ. 2017ರಲ್ಲಿ ಪ್ರಕಟವಾದ ಇದು ನಡೆದದ್ದು ಸೂಜಿ ಚಿಕಿತ್ಸೆಯ ತವರಾದ ಚೀನಾದಲ್ಲಿಯೇ. ಪಿಸಿಓಎಸ್ ಇದ್ದ ಸಾವಿರ ಮಹಿಳೆಯರ ಮೇಲೆ. ಅಂಡಾಣು ಬಿಡುಗಡೆಗೆ ನೆರವಾಗುವ ಕ್ಲೋಮಿಫೀನ್ ಮಾತ್ರೆ ಪಡೆದವರಲ್ಲಿ ನೂರಕ್ಕೆ ಸುಮಾರು 29 ಮಂದಿಗೆ ಮಗುವಾಯಿತು; ಹುಸಿ ಮಾತ್ರೆಯವರಲ್ಲಿ ಸುಮಾರು 15. ಸೂಜಿಯ ವಿಷಯದಲ್ಲಿಯೋ, ಅಸಲಿ ಪಡೆದವರಿಗೂ ಸೋಗಿನದು ಪಡೆದವರಿಗೂ ಗಣನೀಯ ವ್ಯತ್ಯಾಸವೇ ಇರಲಿಲ್ಲ: 21.8 ಮತ್ತು 22.4. ಅಂದರೆ ಒಂದು ಸಾಮಾನ್ಯ ಮಾತ್ರೆ ಮಾಡಿದ ಕೆಲಸವನ್ನು ಸೂಜಿ ಮಾಡಲಿಲ್ಲ.

ಹಾಗಾದರೆ ನಮ್ಮ ಮನೆಯಲ್ಲಿ ಆದದ್ದೇನು? ನೀವು ಕೇಳುವ ಮೊದಲೇ ನಾನು ಕೇಳಿಕೊಂಡ ಪ್ರಶ್ನೆ ಇದು. ಲೆಕ್ಕದ ಅನುಕೂಲಕ್ಕಾಗಿ ಐವಿಎಫ್‌ನ ಒಂದು ಸುತ್ತು ಮೂರರಲ್ಲಿ ಒಬ್ಬರಿಗೆ ಫಲಿಸುತ್ತದೆ ಎಂದುಕೊಳ್ಳಿ. ಎರಡು ಸುತ್ತು ಮಾಡಿಸಿದ ಒಂಬತ್ತು ದಂಪತಿಗಳಲ್ಲಿ ಐವರಿಗೆ, ಸೂಜಿಯ ಗೊಡವೆಯೇ ಇಲ್ಲದೆ, ಮಗುವಾಗುತ್ತದೆ. ಆ ಐವರಲ್ಲಿ ಯಾರಾದರೂ ನಡುವೆ ಸೂಜಿ ಮಾಡಿಸಿದ್ದರೆ ಸೂಜಿಯಿಂದ ಎನ್ನುತ್ತಾರೆ. ಹರಕೆ ಹೊತ್ತಿದ್ದರೆ ಹರಕೆಯಿಂದ, ಮನೆಯ ಬಾಗಿಲು ಬದಲಿಸಿದ್ದರೆ ವಾಸ್ತುವಿನಿಂದ ಎನ್ನುತ್ತಾರೆ. ಸೂಜಿ ಮಾಡಿಸಿಯೂ ಮಗುವಾಗದವರು ಯಾವ ಮದುವೆ ಮನೆಯಲ್ಲೂ ಎದ್ದು ನಿಂತು ಅದನ್ನು ಹೇಳುವುದಿಲ್ಲ. ಹೀಗಾಗಿ ನಮ್ಮ ಕಿವಿಗೆ ಬೀಳುವುದು ಜಮೆಯ ಪಕ್ಕ ಮಾತ್ರ. ಖರ್ಚಿನ ಪಕ್ಕ ಮೌನವಾಗಿರುತ್ತದೆ. ಒಂದೇ ಪಕ್ಕವನ್ನು ನೋಡಿ ಸಹಿ ಹಾಕಿದ ಲೆಕ್ಕಪರಿಶೋಧಕ ನಾನು.

ಇಷ್ಟು ಹೇಳಿದ ಮೇಲೆ ಮನೆಯಲ್ಲಿ ನಡೆದ ಒಂದು ಮಾತನ್ನೂ ಹೇಳಬೇಕು. ಈ ಅಂಕಿಗಳನ್ನೆಲ್ಲ ಒಂದು ರಾತ್ರಿ ಪತ್ನಿಯ ಮುಂದಿಟ್ಟು, ‘ನಾವು ಕೊಟ್ಟ ದುಡ್ಡು ವ್ಯರ್ಥ’ ಎಂದೆ. ಅವರು ಒಪ್ಪಲಿಲ್ಲ. ‘ಅಲ್ಲಿ ಮಲಗಿರುತ್ತಿದ್ದ ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಅಷ್ಟು ಹೊತ್ತು. ಅದಕ್ಕಾಗಿ ಹೋಗುತ್ತಿದ್ದೆ. ಮಗು ಆಗುತ್ತದೆಂದು ನೀವು ಹೇಳಿಕೊಂಡು ತಿರುಗಿದಿರಿ, ನಾನಲ್ಲ’ ಎಂದರು.

ನಾನು ನಿರುತ್ತರನಾದೆ. ಆಗ ತಿಳಿಯಿತು: ಆ ಖರ್ಚು ತಪ್ಪಾಗಿರಲಿಲ್ಲ, ನಾನು ಅದನ್ನು ಬರೆದ ಖಾತೆ ತಪ್ಪಾಗಿತ್ತು. ನೆಮ್ಮದಿಯ ಖಾತೆಗೆ ಬರೆಯಬೇಕಾದ ಖರ್ಚನ್ನು ಸಂತಾನದ ಖಾತೆಗೆ ಬರೆದೆ. ಅದೇ ತಪ್ಪು ನಮೂದನ್ನು ಬೇರೆಯವರ ಪುಸ್ತಕಕ್ಕೂ ವರ್ಗಾಯಿಸಿದೆ.

ಅನೇಕಾಂತದ ಹೆಸರಿನಲ್ಲಿ ನಮ್ಮಲ್ಲಿ ಒಂದು ಸೋಮಾರಿತನ ಬೆಳೆದಿದೆ: ಎಲ್ಲರ ಮಾತೂ ಒಂದು ರೀತಿಯಲ್ಲಿ ಸರಿ, ಬಿಡಿ ಎನ್ನುವುದು. ಅನೇಕಾಂತ ಕೇಳುವ ಪ್ರಶ್ನೆ ಅದಕ್ಕಿಂತ ನಿಷ್ಠುರವಾದದ್ದು: ಯಾವ ಅಪೇಕ್ಷೆಯಿಂದ ಸರಿ, ಯಾವ ಅಪೇಕ್ಷೆಯಿಂದ ಅಲ್ಲ? ವಿಶ್ರಾಂತಿಯ ಅಪೇಕ್ಷೆಯಿಂದ ಸೂಜಿ ಚಿಕಿತ್ಸೆ ಹಲವರಿಗೆ ಉಪಯುಕ್ತ. ಮಗು ಹುಟ್ಟುವ ಅಪೇಕ್ಷೆಯಿಂದ ಅದು ಸೋಗಿನ ಸೂಜಿಗಿಂತ ಹೆಚ್ಚಿನದೇನನ್ನೂ ಮಾಡಿ ತೋರಿಸಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಮಾತು ಸತ್ಯವಾಗುತ್ತದೆ.

ಇಲ್ಲಿಯೇ ಇನ್ನೊಂದು ಆಕ್ಷೇಪ ಬರುತ್ತದೆ. ‘ನೆಮ್ಮದಿ ಹೆಚ್ಚಿದರೆ ಗರ್ಭ ನಿಲ್ಲುವುದಿಲ್ಲವೇ? ಟೆನ್ಶನ್ನಿನಿಂದಲೇ ಆಗದಿರುವುದು’ ಎನ್ನುವ ಹಿರಿಯರಿದ್ದಾರೆ. ದಯವಿಟ್ಟು ಆ ಮಾತನ್ನು ನಿಲ್ಲಿಸಿ. 2011ರಲ್ಲಿ 14 ಅಧ್ಯಯನಗಳ, 3583 ಮಹಿಳೆಯರ ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ಚಿಕಿತ್ಸೆಗೆ ಮೊದಲು ಆತಂಕ, ದುಗುಡ ಹೆಚ್ಚಿದ್ದವರಿಗೂ ಕಡಿಮೆಯಿದ್ದವರಿಗೂ ಗರ್ಭಧಾರಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀನು ಅತ್ತದ್ದರಿಂದಲೇ ಆಗಲಿಲ್ಲ ಎಂದು ಯಾವ ಹೆಣ್ಣಿಗೂ ಹೇಳುವ ಅಧಿಕಾರ ನಮಗಿಲ್ಲ. ನೆಮ್ಮದಿ ಬೇಕಾದದ್ದು ನೆಮ್ಮದಿಗಾಗಿಯೇ. ಅದಕ್ಕೆ ಮಗುವಿನ ಸಾಕ್ಷಿ ಬೇಕಾಗಿಲ್ಲ.

ಈಗ ಕಾನೂನು ಮತ್ತು ಹಣದ ವಿಷಯ. ಇದು ನನ್ನ ಕ್ಷೇತ್ರ.

ಕೇಂದ್ರ ಸರಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿದೆ. ನಮ್ಮ ಮಹಾರಾಷ್ಟ್ರ ಅದಕ್ಕಾಗಿ ಪ್ರತ್ಯೇಕ ಕಾನೂನನ್ನೇ ಮಾಡಿ ಪರಿಷತ್ತನ್ನು ರಚಿಸಿದೆ. ಆದ್ದರಿಂದ ಮಾಡಿಸಿಕೊಳ್ಳುವವರು ನೋಂದಾಯಿತ ಚಿಕಿತ್ಸಕರ ಬಳಿಗೇ ಹೋಗಿ. ಒಮ್ಮೆ ಬಳಸಿ ಎಸೆಯುವ ಸೂಜಿಯನ್ನೇ ಬಳಸುವರೇ ಎಂದು ಕಣ್ಣಾರೆ ನೋಡಿ. ನಿಮ್ಮ ಐವಿಎಫ್ ವೈದ್ಯರಿಗೆ ತಿಳಿಸಿ. ಸೂಜಿಯ ಜೊತೆಗೆ ಯಾವುದೇ ಪುಡಿ, ಕಷಾಯ ಕೊಟ್ಟರೆ ವೈದ್ಯರನ್ನು ಕೇಳದೆ ಸೇವಿಸಬೇಡಿ. ಆದರೆ ನೆನಪಿಡಿ: ನೋಂದಣಿಯೆಂದರೆ ಅಂಗಡಿಯ ಪರವಾನಗಿ. ಪರವಾನಗಿ ಇರುವ ಅಂಗಡಿಯ ಪ್ರತಿಯೊಂದು ಮಾತೂ ನಿಜವೆಂದು ಸರಕಾರ ಹೇಳಿದಂತಾಗಲಿಲ್ಲ.

ಐವಿಎಫ್ ಕೇಂದ್ರಗಳಿಗೆ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ. ಆ ಕೇಂದ್ರದಲ್ಲಿ ಯಶಸ್ಸಿನ ಸಾಧ್ಯತೆ ಎಷ್ಟು, ಅನುಕೂಲ ಅನನುಕೂಲಗಳೇನು, ಖರ್ಚೆಷ್ಟು, ಅಡ್ಡಪರಿಣಾಮ ಮತ್ತು ಅಪಾಯಗಳೇನು ಎಂಬುದನ್ನು ದಂಪತಿಗೆ ತಿಳಿಸಿ ಹೇಳುವುದು ಕೇಂದ್ರದ ಕರ್ತವ್ಯವೆಂದು ಕಾಯಿದೆಯಲ್ಲಿಯೇ ಇದೆ. ಸಂಕೋಚವಿಲ್ಲದೆ ಕೇಳಿ. ‘ಯಶಸ್ಸು’ ಎಂದಾಗ ರಕ್ತಪರೀಕ್ಷೆ ಸಕಾರಾತ್ಮಕವಾದದ್ದೇ, ಗರ್ಭ ನಿಂತದ್ದೇ, ಮಗು ಮನೆಗೆ ಬಂದದ್ದೇ ಎಂದೂ ಕೇಳಿ. ಮೂರೂ ಬೇರೆ ಬೇರೆ ಅಂಕಿಗಳು.

ಸೂಜಿ, ಮಸಾಜು, ಆಹಾರ ಸಲಹೆ ಎಲ್ಲವನ್ನೂ ಐವಿಎಫ್ ಜೊತೆ ಸೇರಿಸಿ ‘ಪ್ಯಾಕೇಜು’ ಎಂದು ಒಂದೇ ಮೊತ್ತ ಹೇಳಿದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಬಿಲ್ ಕೇಳಿ. ಐವಿಎಫ್ ಆರೋಗ್ಯ ಸೇವೆಯಾದ್ದರಿಂದ ಜಿಎಸ್‌ಟಿ ವಿನಾಯಿತಿಗೆ ಒಳಪಡುತ್ತದೆಂದು 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಇನ್ನು ಆರೋಗ್ಯ ವಿಮೆ: ಬಹಳಷ್ಟು ಪಾಲಿಸಿಗಳು ಸಂತಾನಹೀನತೆಯ ಚಿಕಿತ್ಸೆಯನ್ನು ಹೊರಗಿಟ್ಟಿವೆ. ಹಣ ಕಟ್ಟುವ ಮೊದಲು ಪಾಲಿಸಿಯ ಹೊರತುಪಡಿಕೆಗಳ ಪಟ್ಟಿಯನ್ನು ಓದಿ. ಹೀಗೆ ಇಡೀ ಭಾರ ದಂಪತಿಯ ಉಳಿತಾಯದ ಮೇಲೆಯೇ ಬೀಳುವಾಗ, ಆಧಾರವಿಲ್ಲದ ಪ್ರತಿಯೊಂದು ಸೇರ್ಪಡೆಯೂ ಮುಂದಿನ ಒಂದು ಸುತ್ತಿನ ಹಣವನ್ನು ತಿನ್ನುತ್ತದೆ. ಹಣಕ್ಕಿಂತ ದುಬಾರಿಯಾದದ್ದು ಕಾಲ. ಮೂವತ್ತೈದರ ನಂತರ ಅಂಡಾಣುಗಳ ಸಂಖ್ಯೆ, ಗುಣ ಎರಡೂ ವೇಗವಾಗಿ ಕುಸಿಯುತ್ತವೆ. ಮೂವತ್ತೈದರೊಳಗಿನವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿ ಫಲ ಕಾಣದಿದ್ದರೆ ತಜ್ಞರನ್ನು ಕಾಣಬೇಕೆಂಬುದು ವೈದ್ಯಲೋಕದ ಸಾಮಾನ್ಯ ಸಲಹೆ. ಸೂಜಿಯನ್ನು ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳುವುದು ಬೇರೆ; ಚಿಕಿತ್ಸೆಯ ಬದಲಿಗೆ ಇಟ್ಟುಕೊಳ್ಳುವುದು ಬೇರೆ. ನನ್ನ ಬಂಧುಗಳ ಹದಿನಾಲ್ಕು ತಿಂಗಳು ಕಳೆದದ್ದು ಈ ಎರಡು ಪದಗಳ ನಡುವೆ.

ಕೊನೆಯದಾಗಿ ನಮ್ಮ ಸಮಾಜಕ್ಕೆ ಎರಡು ಮಾತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜೈನ ಮಹಿಳೆಯರ ಒಟ್ಟು ಫಲವಂತಿಕೆ ದರ 1.6. ಈ ಅಂಕಿಯನ್ನು ಹಿಡಿದುಕೊಂಡು ‘ಸಮಾಜ ಕರಗುತ್ತಿದೆ, ಹೆಚ್ಚು ಮಕ್ಕಳನ್ನು ಹೆರಿ’ ಎಂದು ವೇದಿಕೆಯಿಂದ ಕರೆಕೊಡುವ ಮುಖಂಡರಿದ್ದಾರೆ. ಆ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತ, ಎರಡು ಸುತ್ತು ಐವಿಎಫ್ ವಿಫಲವಾದ ಸೊಸೆಗೆ ಅದು ಹೇಗೆ ಕೇಳಿಸುತ್ತದೆ ಎಂದು ಅವರು ಯೋಚಿಸಿದ್ದಾರೆಯೇ? ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಆರು ಜನರಲ್ಲಿ ಸುಮಾರು ಒಬ್ಬರಿಗೆ ಜೀವಿತದ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಬರುತ್ತದೆ. ಈ ಸಭಾಂಗಣದಲ್ಲಿಯೂ ಅವರಿದ್ದಾರೆ. ಕರೆಕೊಡುವವರಿಗೆ ನಿಜವಾದ ಕಾಳಜಿಯಿದ್ದರೆ ಸರಕಾರವನ್ನು ಕೇಳಲಿ: ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ 2023ರಲ್ಲಿ ಉಚಿತ ಐವಿಎಫ್ ಸೇವೆ ಆರಂಭಿಸಿತು, ಪ್ರತಿ ಜಿಲ್ಲೆಗೆ ಅಂಥದೊಂದು ಏಕೆ ಬೇಡ? ವಿಮೆಯ ಹೊರತುಪಡಿಕೆ ಏಕೆ ಹೋಗಬಾರದು?

ಎರಡನೆಯ ಮಾತು ಗಂಡಸರಿಗೆ. ಸಂತಾನಹೀನತೆಯ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆ ಸುಲಭವಾದದ್ದು. ಐವಿಎಫ್‌ನ ಖರ್ಚಿನ ಮುಂದೆ ಅದರ ಶುಲ್ಕ ಅತ್ಯಲ್ಪ. ಆದರೂ ನಮ್ಮ ಮನೆಗಳಲ್ಲಿ ಹೆಂಡತಿಗೆ ಸ್ಕ್ಯಾನು, ಇಂಜೆಕ್ಷನ್ನು, ಸೂಜಿ, ಹರಕೆ, ಉಪವಾಸ ಎಲ್ಲ ಮುಗಿದ ಮೇಲೆ ಗಂಡನ ಪರೀಕ್ಷೆಯ ಮಾತು ಬರುತ್ತದೆ. ನಾನೂ ಒಂದೂವರೆ ವರ್ಷ ತಡಮಾಡಿದವನೇ. ಮೊದಲ ದಿನವೇ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ನಮ್ಮ ಸಂಘದ ವೈದ್ಯಕೀಯ ನಿಧಿಯಿಂದ ನೆರವು ಕೊಡುವಾಗಲೂ ಇದೇ ಮೊದಲ ಷರತ್ತಾಗಲಿ ಎಂದು ಸೂಚಿಸುತ್ತೇನೆ.

ಹಾಗಾಗಿ ನನ್ನ ತಿದ್ದುಪಡಿ ಇಷ್ಟು: ನಮ್ಮ ಮಗಳು ಹುಟ್ಟಿದ್ದು ವೈದ್ಯರ ಶ್ರಮದಿಂದ, ನನ್ನ ಪತ್ನಿಯ ಸಹನೆಯಿಂದ ಮತ್ತು ಆ ತಿಂಗಳ ಅದೃಷ್ಟದಿಂದ. ಸೂಜಿಯಿಂದ ಎಂದು ನಾನು ಹಿಂದೆ ಹೇಳಿದ್ದನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ. ಆ ಮಾತನ್ನು ನನ್ನಿಂದ ಕೇಳಿ ಇನ್ನೊಬ್ಬರಿಗೆ ಹೇಳಿದವರು ಇಲ್ಲಿದ್ದರೆ, ದಯಮಾಡಿ ಅವರಿಗೂ ಈ ತಿದ್ದುಪಡಿಯನ್ನು ತಲುಪಿಸಿ. ಚಿಕಿತ್ಸೆಯಲ್ಲಿರುವ ಮಗಳೋ ಸೊಸೆಯೋ ಸೂಜಿ ಬೇಕೆಂದರೆ ಕರೆದುಕೊಂಡು ಹೋಗಿ. ಫಲವೇನಾಯಿತೆಂದು ಮಾತ್ರ ಕೇಳಬೇಡಿ. ಬೇಡವೆಂದರೆ ಒತ್ತಾಯಿಸಬೇಡಿ. ಪ್ರಶ್ನೆಗಳಿಲ್ಲದ ಆ ಅರ್ಧ ಗಂಟೆಯನ್ನು ಮನೆಯಲ್ಲಿಯೇ ಕೊಡಲು ನಮ್ಮಿಂದ ಸಾಧ್ಯವಾದರೆ, ಅದಕ್ಕೆ ಬಿಲ್ ಕೂಡ ಬರುವುದಿಲ್ಲ.